‘ಅದು ಬರೀ ಆಟವಲ್ಲವೇ, ಅದಕ್ಕೂ ಅಳಬೇಕೆ?’: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಆನ್‌ಲೈನ್ ಆಟಗಳನ್ನು ವರ್ಷಗಳಿಂದ ಆಡುತ್ತ ಬಂದಿರುವ ನನ್ನನ್ನು ಮನೆಯವರೂ ಸಹೋದ್ಯೋಗಿಗಳೂ ಮತ್ತೆ ಮತ್ತೆ ಕೇಳುವುದು ಒಂದೇ: ಪರದೆಯ ಮೇಲಿನ ಗೊಂಬೆಗೆ ಏನಾದರೆ ನಿನಗೇನು, ಅದು ನೀನಲ್ಲವಲ್ಲ?

ಇದಕ್ಕೆ ಉತ್ತರ ಹೇಳುವಾಗಲೆಲ್ಲ ನನಗೆ ನಾರ್ವೆಯ ಮ್ಯಾಟ್ಸ್ ಸ್ಟೀನ್ ನೆನಪಾಗುತ್ತಾನೆ. ಸ್ನಾಯುಗಳು ಕ್ರಮೇಣ ಕ್ಷೀಣಿಸುವ ಡುಶೆನ್ ಕಾಯಿಲೆಯಿಂದಾಗಿ ಗಾಲಿಕುರ್ಚಿಯಲ್ಲೇ ಬೆಳೆದ ಈ ತರುಣ 2014ರ ನವೆಂಬರಿನಲ್ಲಿ, ತನ್ನ 25ನೇ ವಯಸ್ಸಿನಲ್ಲಿ ತೀರಿಕೊಂಡ. ಮಗ ಸ್ನೇಹವನ್ನಾಗಲಿ ಪ್ರೀತಿಯನ್ನಾಗಲಿ ಕಾಣದೆ ಹೋದನೆಂದು ಹೆತ್ತವರು ಕೊರಗಿದ್ದರು. ಆದರೆ ಸಾವಿನ ಸುದ್ದಿಯನ್ನು ಅವನ ಬ್ಲಾಗಿನಲ್ಲಿ ತಿಳಿಸಿದಾಗ, ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದಲ್ಲಿ ಅವನನ್ನು ಇಬೆಲಿನ್ ಎಂಬ ಹೆಸರಿನಿಂದ ಬಲ್ಲವರು ಯುರೋಪಿನ ನಾನಾ ಕಡೆಗಳಿಂದ ಬರೆಯತೊಡಗಿದರು. ಕೆಲವರು ಅಂತ್ಯಕ್ರಿಯೆಗೂ ಬಂದರು. ಅವನಿಗೆ ಋಣಿಯಾಗಿದ್ದವರಲ್ಲಿ ಒಬ್ಬ ತಾಯಿಯೂ ಇದ್ದಳು. ಆಟಿಸಂ ಇದ್ದ ಅವಳ ಮಗನಿಗೆ ಯಾರಾದರೂ ಅಪ್ಪಿಕೊಂಡರೆ ಸಹಿಸಲಾಗುತ್ತಿರಲಿಲ್ಲ. ಇಬ್ಬರೂ ಆಟದೊಳಗೆ ಹತ್ತಿರವಾಗಿ ನೋಡಿ ಎಂದು ಮ್ಯಾಟ್ಸ್ ಸೂಚಿಸಿದ, ಮತ್ತು ಅಲ್ಲಿ ಅವರ ಪಾತ್ರಗಳು ಒಂದನ್ನೊಂದು ಅಪ್ಪಿಕೊಂಡವು. ಆ ಅಪ್ಪುಗೆ ಸುಳ್ಳೆಂದು ಆ ತಾಯಿಯ ಮುಂದೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಮನಸ್ಸಿಗೆ ಇಷ್ಟು ದೊಡ್ಡ ಜಗತ್ತೇ ಬೇಕೆಂದಿಲ್ಲ. ಮನಶ್ಶಾಸ್ತ್ರಜ್ಞ ಕಿಪ್ಲಿಂಗ್ ವಿಲಿಯಮ್ಸ್ ಅವರ ‘ಸೈಬರ್‌ಬಾಲ್’ ಪ್ರಯೋಗದಲ್ಲಿ ಮೂವರು ಪರದೆಯ ಮೇಲೆ ಚೆಂಡು ಎಸೆದಾಡುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಉಳಿದಿಬ್ಬರೂ ನಿಮ್ಮತ್ತ ಎಸೆಯುವುದನ್ನು ನಿಲ್ಲಿಸುತ್ತಾರೆ. ಅವರು ಮನುಷ್ಯರಲ್ಲ, ಬರೀ ಕಂಪ್ಯೂಟರ್ ಎಂದು ಮೊದಲೇ ತಿಳಿದಿದ್ದವರಿಗೂ ತಮ್ಮನ್ನು ಹೊರಗಿಟ್ಟ ನೋವು ಆಯಿತೆಂಬುದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂತು.

‘ಅದು ನೀನಲ್ಲ’ ಎಂಬ ಮಾತಿಗೆ ಉತ್ತರ ಹೇಳುವುದು ಹೆಚ್ಚು ಕಷ್ಟ. ಇಬೆಲಿನ್ ಓಡಬಲ್ಲವನು, ಹೆಣ್ಣುಮಕ್ಕಳೊಡನೆ ಸರಸವಾಡಬಲ್ಲವನು. ಅವನನ್ನು ಮ್ಯಾಟ್ಸ್‌ನ ಮುಖವಾಡ ಎನ್ನುವುದಕ್ಕಿಂತ, ಕಾಯಿಲೆ ಅಡ್ಡ ಬರದಿದ್ದರೆ ಅವನು ಹೇಗಿರುತ್ತಿದ್ದನೋ ಅದೇ ಎಂದು ನಾನು ತಿಳಿಯುತ್ತೇನೆ. ಆದರೂ ಕಾಯಿಲೆಯನ್ನು ಬಹುಕಾಲ ಮುಚ್ಚಿಟ್ಟಿದ್ದರಿಂದ ಅವನ ಗೆಳೆತನಗಳಲ್ಲಿ ಬಿರುಕೂ ಮೂಡಿತ್ತು. ಯಕ್ಷಗಾನದ ವೇಷಧಾರಿ ಚೌಕಿಗೆ ಮರಳಿ ಬಣ್ಣ ಒರೆಸುವಾಗ ಸುತ್ತ ಇರುವವರು ಅವನ ಎರಡೂ ಮುಖಗಳನ್ನು ಬಲ್ಲವರು. ನಾವಾಡುವ ಆಟಗಳಲ್ಲಿ ಅಂಥ ಚೌಕಿಯೇ ಇಲ್ಲ.

ನನ್ನ ತಂಡದಲ್ಲಿ ಒಬ್ಬರಿದ್ದರು. ಆಟದ ನಡುವೆ ಅವರು ಕೆಮ್ಮುವುದು, ಹಿಂದಿನಿಂದ ಯಾರೋ ಊಟಕ್ಕೆ ಕರೆಯುವುದು, ‘ಐದೇ ನಿಮಿಷ’ ಎಂದು ಅವರು ಉತ್ತರಿಸುವುದು ಹೆಡ್‌ಫೋನಿನಲ್ಲಿ ದಿನವೂ ಕೇಳುತ್ತಿತ್ತು. ಮೂರು ವರ್ಷಗಳಿಂದ ತಂಡದ ಪಟ್ಟಿಯಲ್ಲಿ ಅವರ ಹೆಸರು ಬೂದು ಬಣ್ಣದಲ್ಲೇ ಇದೆ, ಅಂದರೆ ಅವರು ಆಟಕ್ಕೆ ಬಂದೇ ಇಲ್ಲ. ಅದು ಆಟಕ್ಕಾಗಿ ಇಟ್ಟುಕೊಂಡ ಹೆಸರು. ಅವರ ನಿಜವಾದ ಹೆಸರನ್ನು ನಾನು ಕೇಳಿರಲಿಲ್ಲ, ಹಾಗಾಗಿ ಏನಾಯಿತೆಂದು ಯಾರನ್ನು ವಿಚಾರಿಸಬೇಕೆಂದೂ ತಿಳಿಯದು.