ಸೋಫಾ ಹಿಂದಿನ ಕೆರೆ

ನಮ್ಮ ನಾಯಿಮರಿ ಗುಂಡ ಮನೆಗೆ ಬಂದಾಗ ಅವನಿಗೆ 8 ವಾರ. ಎರಡು ಅಂಗೈ ಜೋಡಿಸಿದ್ರೆ ಅದರಲ್ಲೇ ಮಲಗಿಬಿಡೋ ಸೈಜು. ಒಂದು ವಾರ ಸಾಕು, ಎಲ್ಲಾ ಕಲಿಸಿಬಿಡ್ತೀನಿ ಅಂತ ಜಂಬ ಕೊಚ್ಕೊಂಡಿದ್ದೆ, ಈಗ ಆರು ವಾರ ಆಯ್ತು, ಆ ಮಾತನ್ನ ಮನೆಯವ್ರು ಇನ್ನೂ ಮರೆತಿಲ್ಲ.

ಮೊದಲ ಎಡವಟ್ಟು ಉಚ್ಚೆ ವಿಷ್ಯದಲ್ಲೇ ಆಗಿದ್ದು. ಬಂದ ಮೂರನೇ ದಿನ ಹಾಲ್ ಮಧ್ಯದಲ್ಲಿ ನನ್ನ ಕಣ್ಣೆದುರೇ ಕೂತು ಮಾಡ್ದ, ನಾನು ಏಯ್! ಅಂತ ಜೋರಾಗಿ ಗದರಿದೆ, ಪಾಪ ಕಿವಿ ಹಿಂದಕ್ಕೆ ಅಂಟಿಸ್ಕೊಂಡು ನೆಲಕ್ಕೆ ಒತ್ಕೊಂಡುಬಿಟ್ಟ. ಆಮೇಲೆ ಎರಡು ದಿನ ಮನೇಲಿ ಒಂದು ಹನಿ ಕಾಣ್ಲಿಲ್ಲ, ಪರವಾಗಿಲ್ವೇ, ಒಂದೇ ಬೈಗುಳಕ್ಕೆ ಕಲಿತ ಅಂತ ನಾನು ಬೀಗಿದ್ದೇ ಬೀಗಿದ್ದು. ಮಾರನೇ ದಿನ ವಾಸನೆ ಹಿಡ್ಕೊಂಡು ಹೋಗಿ ಸೋಫಾ ಎಳೆದು ನೋಡಿದ್ರೆ ಹಿಂದೆ ಒಂದು ಸಣ್ಣ ಕೆರೆ! ಅವನು ಕಲಿತಿದ್ದು ಮನೆಯೊಳಗೆ ಮಾಡಬಾರ್ದು ಅಂತಲ್ಲ, ಇವನ ಎದುರಿಗೆ ಮಾಡಬಾರ್ದು ಅಂತ. ಹೊರಗೆ ಕರ್ಕೊಂಡು ಹೋದ್ರೂ ಬೆಲ್ಟಿನ ಇನ್ನೊಂದು ತುದೀಲಿ ನಾನೇ ಇರ್ತೀನಲ್ಲ, ಅಲ್ಲೂ ತಡ್ಕೊಂಡು ಇದ್ದು, ಒಳಗೆ ಬಂದ ತಕ್ಷಣ ಸೀದಾ ಸೋಫಾ ಹಿಂದಕ್ಕೆ ಓಟ.

ಆ ಒಂದು ಗದರಿಕೆ ಸರಿಮಾಡೋಕೆ ಎರಡು ವಾರ ಹಿಡೀತು. ಮರಿಗಳಿಗೆ ತಡ್ಕೊಳ್ಳೋ ಶಕ್ತಿನೇ ಕಮ್ಮಿ, ಎಷ್ಟು ತಿಂಗಳಾಗಿದ್ಯೋ ಅದಕ್ಕೆ ಒಂದು ಸೇರಿಸಿದ್ರೆ ಹೆಚ್ಚುಕಮ್ಮಿ ಅಷ್ಟು ಗಂಟೆ ಅಂತಾರೆ, ಅಂದ್ರೆ 2 ತಿಂಗಳ ಮರಿಗೆ ಜಾಸ್ತಿ ಅಂದ್ರೆ 3 ಗಂಟೆ, ಎಚ್ಚರ ಇದ್ದು ಕುಣೀತಾ ಇದ್ರೆ ಅದೂ ಇಲ್ಲ. ಹಂಗಾಗಿ ನಿದ್ದೆಯಿಂದ ಎದ್ದ ಕೂಡ್ಲೇ, ತಿಂದಾದ್ಮೇಲೆ, ಆಟ ಆದ್ಮೇಲೆ, ಎತ್ಕೊಂಡು ಹೊರಗೆ. ರಾತ್ರಿ 2 ಗಂಟೆಗೆ ಅಲಾರಾಂ. ಮಾಡಿ ಮುಗಿಸಿದ ಆ ಕ್ಷಣವೇ ಬಾಯಿಗೆ ಬಿಸ್ಕತ್ತು ಬೀಳಬೇಕು, ಒಳಗೆ ಬಂದು ಡಬ್ಬಿ ತೆಗೆದು ಕೊಟ್ರೆ ಅವನ ಲೆಕ್ಕದಲ್ಲಿ ಅದು ಡಬ್ಬಿ ಹತ್ರ ಬಂದಿದ್ದಕ್ಕೆ ಸಿಕ್ಕಿದ್ದು. ಅದಕ್ಕೇ ನನ್ನ ನೈಟ್ ಪ್ಯಾಂಟಿನ ಜೇಬಲ್ಲಿ ಯಾವಾಗ್ಲೂ ಬಿಸ್ಕತ್ತು ಚೂರು. ಅಂದಹಾಗೆ ಆ ಜಾಗನ ಅಮೋನಿಯಾ ಇರೋ ಕ್ಲೀನರ್ ಹಾಕಿ ತಿಕ್ಕಿದ್ದೂ ನನ್ನ ದಡ್ಡತನವೇ, ಅದರ ವಾಸನೆನೂ ಉಚ್ಚೆ ಥರಾನೇ, ಇಲ್ಲೇ ಮಾಡು ಅಂತ ಬೋರ್ಡ್ ಹಾಕಿದಂಗಾಯ್ತು. ಉಚ್ಚೆ ವಾಸನೆನ ಬುಡಸಮೇತ ತೆಗೆಯೋ ಎಂಜೈಮ್ ಕ್ಲೀನರ್ ಹಾಕಿದ್ಮೇಲೆ ಆ ಮೂಲೆ ಕಡೆ ಮೂಸೋದು ನಿಲ್ಲಿಸ್ದ.

ಕೂತ್ಕೋ ಅನ್ನೋದು ಮಾತ್ರ ಬೇಗ ಬಂತು, ಬಿಸ್ಕತ್ತನ್ನ ಮೂಗಿನ ಹತ್ರದಿಂದ ತಲೆ ಮೇಲೆ ಹಿಂದಕ್ಕೆ ತಗೊಂಡೋದ್ರೆ ಕತ್ತು ಮೇಲಕ್ಕೆ, ಅಂಡು ತಾನಾಗೇ ಕೆಳಕ್ಕೆ.

ಕಚ್ಚೋದು ಇನ್ನೂ ನಿಂತಿಲ್ಲ. ಹಾಲು ಹಲ್ಲು 28, ಎಲ್ಲಾ ಸೂಜಿ. ಕಚ್ಚಿದ ತಕ್ಷಣ ಕೈ ಹಿಂದಕ್ಕೆ ಎಳ್ಕೊಂಡ್ರೆ ಅವನಿಗೆ ಅದೂ ಆಟವೇ, ಎದ್ದು ನಿಂತು ಆ ಕಡೆ ತಿರುಗಿದ್ರೆ ಮಾತ್ರ ಬಿಡ್ತಾನೆ. ಸಂಜೆ ಹೊತ್ತು ತೀರಾ ಹುಚ್ಚು ಹಿಡಿದಂಗೆ ಆಡಿದ್ರೆ ನಿದ್ದೆ ಸಾಲ್ದು ಅಂತ ಅರ್ಥ, ಈ ವಯಸ್ಸಲ್ಲಿ ದಿನಕ್ಕೆ ಹೆಚ್ಚುಕಮ್ಮಿ 18 ಗಂಟೆ ಬೇಕು ಅಂತಾರೆ. ನಂಗೆ ಅಷ್ಟು ಬೇಡ, ಆರು ಸಿಕ್ಕಿದ್ರೂ ಸಾಕಿತ್ತು.

ನಿನ್ನೆ ರಾತ್ರಿ ಅಲಾರಾಂ ಹೊಡೆಯೋ ಮುಂಚೆನೇ ಕುಂಯ್ ಅಂತ ಒಂದು ಸದ್ದು. ಕಣ್ಣುಜ್ಕೊಂಡು ನೋಡಿದ್ರೆ ಗುಂಡ ಬಾಗ್ಲ ಮುಂದೆ ಕೂತಿದಾನೆ, ಸೋಫಾ ಕಡೆ ತಿರುಗಿನೂ ನೋಡಿಲ್ಲ. ಹೊರಗೆ ಬಿಟ್ಟೆ, ನನ್ನೆದುರೇ, ನನ್ನ ಮುಖ ನೋಡ್ಕೊಂಡೇ ಮಾಡಿ ಮುಗಿಸಿ ಓಡಿ ಬಂದು ಬಾಲ ಅಲ್ಲಾಡಿಸ್ತಾ ಕೂತ. ಜೇಬಿಗೆ ಕೈ ಹಾಕಿದ್ರೆ ಖಾಲಿ, ಪ್ಯಾಂಟ್ ಸಂಜೆ ತಾನೇ ಒಗೆದಿದ್ದು.