ನಾಳೆಯ ಚುಚ್ಚುಮದ್ದಿಗೆ ಮುನ್ನ

ಶುಕ್ರವಾರ, 14 ಮಾರ್ಚ್ 2025, ರಾತ್ರಿ

ನಾಳೆ ಬೆಳಿಗ್ಗೆ ಹುಬ್ಬುಗಳ ನಡುವಿನ ಗೆರೆಗಳಿಗೆ ಮೊದಲ ಸಲ ಬೊಟಾಕ್ಸ್ ಚುಚ್ಚಿಸಿಕೊಳ್ಳಲಿದ್ದೇನೆ. ತುಟಿಗೋ ಕೆನ್ನೆಗೋ ತುಂಬುವ ಹ್ಯಾಲುರಾನಿಕ್ ಆಮ್ಲದ ಫಿಲ್ಲರ್ ಆಗಿದ್ದರೆ, ಮನಸ್ಸಿಗೆ ಒಪ್ಪದಿದ್ದಾಗ ಅದನ್ನು ಕರಗಿಸುವ ಕಿಣ್ವವೊಂದು ವೈದ್ಯರ ಬಳಿ ಇರುತ್ತದೆ. ಈ ಔಷಧಕ್ಕೆ ಅಂಥದ್ದೇನೂ ಇಲ್ಲ. ಒಮ್ಮೆ ಅದು ನರದ ತುದಿಯನ್ನು ಸೇರಿತೆಂದರೆ, ಪರಿಣಾಮ ತಾನಾಗಿ ಇಳಿಯುವವರೆಗೆ, ಅಂದರೆ ಸಾಮಾನ್ಯವಾಗಿ ಮೂರರಿಂದ ನಾಲ್ಕು ತಿಂಗಳು, ಕಾಯುವುದಷ್ಟೇ ದಾರಿ. ಹಾಗಾಗಿ ಯೋಚಿಸಬೇಕಾದದ್ದನ್ನೆಲ್ಲ ಸೂಜಿಗೆ ಮುಂಚೆಯೇ ಯೋಚಿಸಿ ಮುಗಿಸಬೇಕೆಂಬ ಹಟ ನನಗೆ. ಈ ವಾರವಿಡೀ ಅದೇ ಕೆಲಸ ಮಾಡಿದ್ದೇನೆ.

ಮೊದಲು ಕೇಳಿಕೊಂಡದ್ದು ಈ ಆಸೆ ಯಾರದು ಎಂಬುದನ್ನು. ಮನೆಯಲ್ಲಿ ಯಾರೂ ಒತ್ತಾಯಿಸಿಲ್ಲ, ಕೆಲಸದ ಜಾಗದಲ್ಲಿ ಯಾರೂ ಏನೂ ಅಂದಿಲ್ಲ. ಹುಬ್ಬುಗಂಟಿಕ್ಕದೆ ಸುಮ್ಮನೆ ಕುಳಿತಾಗಲೂ ಕನ್ನಡಿಯಲ್ಲಿ ಎರಡು ಉದ್ದ ಗೆರೆಗಳು ಕಾಣುತ್ತವೆ, ಅವು ನನಗೆ ಇಷ್ಟವಿಲ್ಲ, ಅಷ್ಟೇ. ವಯಸ್ಸನ್ನು ಮುಚ್ಚಿಡುವ ಉದ್ದೇಶವಿಲ್ಲದ ಕಾರಣ ಕಣ್ಣಂಚಿನ ನಗೆಗೆರೆಗಳನ್ನು ಮುಟ್ಟಿಸುವುದಿಲ್ಲ ಎಂದು ವೈದ್ಯೆಯ ಹತ್ತಿರ ಮೊದಲ ಭೇಟಿಯಲ್ಲೇ ಹೇಳಿದ್ದೆ. ಅವರು ಮರುಮಾತಿಲ್ಲದೆ ಒಪ್ಪಿದ್ದರಿಂದಲೇ ಅವರ ಮೇಲೆ ನನಗೆ ನಂಬಿಕೆ ಹುಟ್ಟಿತು.

ಅಕ್ಕನಿಗೆ ವಿಷಯ ತಿಳಿಸಿದಾಗ, "ಅಲ್ಲ ಕಣೇ, ವಿಷವನ್ನು ಮುಖಕ್ಕೆ ಚುಚ್ಚಿಸಿಕೊಳ್ಳುತ್ತೀಯಾ?" ಎಂದು ಗಾಬರಿಯಾದಳು. ಅವಳ ಪ್ರಶ್ನೆ ನ್ಯಾಯವಾದದ್ದೇ. ಕ್ಲಾಸ್ಟ್ರಿಡಿಯಮ್ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾ ತಯಾರಿಸುವ ಈ ಪ್ರೋಟೀನು ನಮಗೆ ತಿಳಿದಿರುವ ಅತ್ಯಂತ ತೀಕ್ಷ್ಣ ವಿಷಗಳಲ್ಲಿ ಒಂದು. ಕೆಟ್ಟ ಆಹಾರದ ಮೂಲಕ ದೇಹ ಸೇರಿದರೆ ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸಬಲ್ಲದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ವೈದ್ಯ ಯುಸ್ಟಿನುಸ್ ಕೆರ್ನರ್ ಸಾಸೇಜು ತಿಂದು ಹೀಗೆ ಸತ್ತವರ ಬಗ್ಗೆ ವಿವರವಾಗಿ ಬರೆದರು, ಮತ್ತು ಇದೇ ವಿಷವನ್ನು ಅತಿ ಸಣ್ಣ ಪ್ರಮಾಣದಲ್ಲಿ ಔಷಧವಾಗಿ ಬಳಸಬಹುದೆಂದೂ ಊಹಿಸಿದರು. ಆ ಊಹೆ ನಿಜವಾಗಲು ಒಂದೂವರೆ ಶತಮಾನ ಬೇಕಾಯಿತು. ಕಣ್ಣಿನ ವೈದ್ಯ ಅಲನ್ ಸ್ಕಾಟ್ ಮೆಳ್ಳೆಗಣ್ಣಿಗೆ ಇದನ್ನು ಬಳಸಿ ತೋರಿಸಿದ ಮೇಲೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1989ರಲ್ಲಿ ಮೆಳ್ಳೆಗಣ್ಣಿಗೂ ರೆಪ್ಪೆ ತಾನಾಗಿ ಬಿಗಿದುಕೊಳ್ಳುವ ಕಾಯಿಲೆಗೂ ಅನುಮತಿ ಕೊಟ್ಟಿತು. ಆ ರೆಪ್ಪೆಯ ಕಾಯಿಲೆಗೆ ಚುಚ್ಚಿಸಿಕೊಂಡವರ ಹುಬ್ಬುಗಳ ನಡುವಿನ ಗೆರೆ ಮಾಸುವುದನ್ನು ಕೆನಡಾದ ಜೀನ್ ಮತ್ತು ಅಲಸ್ಟೇರ್ ಕರೂಥರ್ಸ್ ದಂಪತಿ ಗಮನಿಸಿದರು. ಆಕೆ ಕಣ್ಣಿನ ವೈದ್ಯೆ, ಆತ ಚರ್ಮವೈದ್ಯ. ಹುಬ್ಬಿನ ಗೆರೆಗಳಿಗೆ ಅನುಮತಿ ಬಂದದ್ದು 2002ರಲ್ಲಿ. ಇಷ್ಟನ್ನೂ ಹೇಳಿ, ವಿಷವೋ ಮದ್ದೋ ಎಂಬುದನ್ನು ಇಲ್ಲಿ ಪ್ರಮಾಣ ಮತ್ತು ಜಾಗ ಎರಡೂ ಸೇರಿ ನಿರ್ಧರಿಸುತ್ತವೆ ಎಂದು ಅಕ್ಕನಿಗೆ ವಿವರಿಸಿದೆ. ಅವಳು ಪೂರ್ತಿ ಒಪ್ಪಲಿಲ್ಲ, ಆದರೆ ನಾಳೆ ಜೊತೆಗೆ ಬರುತ್ತಾಳೆ.

ಔಷಧ ಮಾಡುವ ಕೆಲಸವನ್ನು ಅರಿತ ಮೇಲೆ ನನ್ನ ಅಳುಕು ಬಹಳ ಕಡಿಮೆಯಾಯಿತು. ಸ್ನಾಯು ಬಿಗಿಯಾಗಬೇಕಾದರೆ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬರಬೇಕು. ಅದನ್ನು ಹೊರಗೆ ಬಿಡುವ ವ್ಯವಸ್ಥೆಯ ಒಂದು ಪ್ರೋಟೀನನ್ನು ಈ ಔಷಧ ಕತ್ತರಿಸಿಬಿಡುವುದರಿಂದ ಆಜ್ಞೆ ಸ್ನಾಯುವಿಗೆ ತಲುಪುವುದಿಲ್ಲ. ಚರ್ಮಕ್ಕೆ ಔಷಧ ಏನನ್ನೂ ಮಾಡುವುದಿಲ್ಲ, ಕೆಳಗಿನ ಸ್ನಾಯು ಎಳೆಯುವುದನ್ನು ನಿಲ್ಲಿಸಿದಾಗ ಮೇಲಿನ ಮಡಿಕೆ ಸಡಿಲವಾಗುತ್ತದೆ, ಅಷ್ಟೇ. ಆದ್ದರಿಂದಲೇ ಮುಖ ಆಡಿಸಿದಾಗ ಮೂಡುವ ಗೆರೆಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಮುಖ ಸುಮ್ಮನಿದ್ದಾಗಲೂ ಉಳಿಯುವಷ್ಟು ಆಳವಾಗಿ ಕೊರೆದ ಗೆರೆ ಒಂದೇ ಸಲಕ್ಕೆ ಪೂರ್ತಿ ಅಳಿಸಿಹೋಗಬೇಕೆಂದಿಲ್ಲ. ನನ್ನದು ಎರಡನೆಯ ಬಗೆಗೆ ಹತ್ತಿರವಾಗಿರುವುದರಿಂದ ನಯವಾದ ಹಣೆಯನ್ನು ನಾನು ನಿರೀಕ್ಷಿಸುತ್ತಿಲ್ಲ, ಗೆರೆ ತುಸು ತಿಳಿಯಾದರೂ ನನಗೆ ಸಾಕು.

ಹುಬ್ಬುಗಳ ನಡುವಿಗೆ ರೂಢಿಯ ಪ್ರಮಾಣ ಐದು ಕಡೆ ನಾಲ್ಕು ನಾಲ್ಕರಂತೆ 20 ಯೂನಿಟ್. ಈ ಯೂನಿಟ್ ಎಂಬ ಅಳತೆ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆಯಾಗುತ್ತದೆ. ಡಿಸ್ಪೋರ್ಟ್ ಆದರೆ ಅದೇ ಜಾಗಕ್ಕೆ 50 ಯೂನಿಟ್ ಕೊಡುತ್ತಾರೆ. ಹಾಗಾಗಿ ಎಷ್ಟು ಯೂನಿಟ್ ಎಂದು ಕೇಳುವಾಗ ಯಾವುದರ ಯೂನಿಟ್ ಎಂದೂ ಕೇಳಬೇಕು. ಹಣೆಯ ಅಡ್ಡ ಗೆರೆಗಳ ವಿಚಾರದಲ್ಲಿ ವೈದ್ಯೆಯೇ ನನ್ನನ್ನು ತಡೆದರು. ಹುಬ್ಬನ್ನು ಮೇಲೆತ್ತುವ ಸ್ನಾಯು ಹಣೆಯದೊಂದೇ, ಮತ್ತು ನನ್ನ ಮೇಲ್ರೆಪ್ಪೆ ತುಸು ಭಾರವಾಗಿರುವುದರಿಂದ ನನಗೇ ಗೊತ್ತಿಲ್ಲದಂತೆ ಆ ಸ್ನಾಯುವಿನ ಬಲದಲ್ಲಿ ಕಣ್ಣನ್ನು ಅಗಲವಾಗಿ ತೆರೆದಿಟ್ಟುಕೊಂಡಿರುತ್ತೇನಂತೆ. ಅದನ್ನು ಸಡಿಲಿಸಿದರೆ ಹುಬ್ಬು ಕೆಳಗಿಳಿದು ಮುಖ ದಣಿದಂತೆ ಕಾಣಬಹುದು. ಹಣೆಯನ್ನು ಬಿಟ್ಟುಬಿಡೋಣ ಎಂದು ಅಲ್ಲೇ ತೀರ್ಮಾನಿಸಿದೆವು.

ಔಷಧ, ಕಾಯಿಲೆಗಳ ಪಟ್ಟಿಯನ್ನು ಬರೆದು ಚೀಲದಲ್ಲಿಟ್ಟಿದ್ದೇನೆ. ಆಸ್ಪಿರಿನ್, ಐಬುಪ್ರೊಫೆನ್, ಮೀನೆಣ್ಣೆ ಮಾತ್ರೆ, ವಿಟಮಿನ್ ಇ ಇವೆಲ್ಲ ಚುಚ್ಚಿದ ಜಾಗ ನೀಲಿಗಟ್ಟುವ ಸಾಧ್ಯತೆಯನ್ನು ಹೆಚ್ಚಿಸುತ್ತವೆ ಎನ್ನುತ್ತಾರೆ. ನಾನು ಸ್ವಂತ ಇಷ್ಟಕ್ಕೆ ನುಂಗುತ್ತಿದ್ದ ಮೀನೆಣ್ಣೆಯನ್ನು ವೈದ್ಯೆಯನ್ನು ಕೇಳಿ ನಿಲ್ಲಿಸಿದೆ. ಆದರೆ ಹೃದಯಕ್ಕೋ ಪಾರ್ಶ್ವವಾಯು ತಡೆಯಲೆಂದೋ ವೈದ್ಯರು ಬರೆದುಕೊಟ್ಟ ರಕ್ತ ತೆಳುವಾಗಿಸುವ ಮಾತ್ರೆಯನ್ನು, ನಾಲ್ಕು ದಿನದಲ್ಲಿ ಮಾಸುವ ಒಂದು ನೀಲಿ ಕಲೆಗೆ ಹೆದರಿ, ಯಾರೂ ತಾವಾಗಿ ನಿಲ್ಲಿಸಬಾರದು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಮಯಸ್ತೀನಿಯಾ ಗ್ರೇವಿಸ್‌ನಂಥ ನರಸ್ನಾಯು ಕಾಯಿಲೆ ಇರುವವರು, ಜೆಂಟಮೈಸಿನ್ ಬಗೆಯ ಆ್ಯಂಟಿಬಯೋಟಿಕ್ ಪಡೆಯುತ್ತಿರುವವರು ಅದನ್ನು ಮೊದಲೇ ಹೇಳಲೇಬೇಕು. ಗರ್ಭಿಣಿಯರಿಗೂ ಹಾಲೂಡಿಸುವವರಿಗೂ ಸೌಂದರ್ಯಕ್ಕಾಗಿ ಇದನ್ನು ಕೊಡುವುದಿಲ್ಲ. ಚುಚ್ಚುವ ಜಾಗದಲ್ಲಿ ಸೋಂಕೋ ಕೀವಿನ ಮೊಡವೆಯೋ ಇದ್ದರೆ ದಿನಾಂಕವನ್ನು ಮುಂದೂಡಬೇಕಾಗುತ್ತದೆ. ನನ್ನ ಹಣೆ ಸದ್ಯಕ್ಕೆ ಶುಚಿಯಾಗಿದೆ.

ನಾಳೆ ಶೀಶೆಯನ್ನು ತೆರೆಯುವ ಮುನ್ನ ನನಗೆ ತೋರಿಸಿ ಎಂದು ಕೇಳಲಿದ್ದೇನೆ, ಇದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ. ಬೊಟಾಕ್ಸ್ ಪುಡಿಯ ರೂಪದಲ್ಲಿ ಬರುತ್ತದೆ, ಲವಣಜಲ ಬೆರೆಸುವವರೆಗೂ ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನ ತಂಪಿನಲ್ಲಿಡಬೇಕು, ಬೆರೆಸಿದ ಮೇಲೆ 24 ಗಂಟೆಯೊಳಗೆ ಬಳಸಬೇಕು ಎಂಬುದು ತಯಾರಕರ ಸೂಚನೆ. 2024ರಲ್ಲಿ ಅಮೆರಿಕದಲ್ಲಿ ನಕಲಿ ಬೊಟಾಕ್ಸ್ ಚುಚ್ಚಿಸಿಕೊಂಡ ಹಲವರು ಆಸ್ಪತ್ರೆ ಸೇರಬೇಕಾಯಿತು. ಲೇಬಲ್ಲು, ಬ್ಯಾಚ್ ಸಂಖ್ಯೆ, ಅವಧಿಯ ದಿನಾಂಕ ಇಷ್ಟನ್ನೂ ಗುರುತು ಹಾಕಿಕೊಳ್ಳುತ್ತೇನೆ. ಮನೆಗೇ ಬಂದು ಅಗ್ಗಕ್ಕೆ ಚುಚ್ಚಿಹೋಗುವವರ ಬಳಿ ಇವನ್ನೆಲ್ಲ ಕೇಳಲು ಅವಕಾಶವಾದರೂ ಎಲ್ಲಿರುತ್ತದೆ?

ನನ್ನನ್ನು ನಿಜವಾಗಿ ಕಾಡುವ ಅಡ್ಡಪರಿಣಾಮವೆಂದರೆ ರೆಪ್ಪೆ ಜೋಲುವುದು. ಅನುಮತಿಗೆ ಮುನ್ನ ನಡೆದ ಪರೀಕ್ಷೆಗಳಲ್ಲಿ ಹುಬ್ಬುಗಳ ನಡುವೆ ಚುಚ್ಚಿಸಿಕೊಂಡವರಲ್ಲಿ ಸುಮಾರು 3 ಪ್ರತಿಶತ ಜನರಿಗೆ ಹೀಗಾಗಿತ್ತು. ಔಷಧ ಕೆಳಗೆ ಹರಡಿ ರೆಪ್ಪೆ ಎತ್ತುವ ಸ್ನಾಯುವನ್ನು ಮುಟ್ಟಿದಾಗ ಇದು ಸಂಭವಿಸುತ್ತದೆ, ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಹರಡದಂತೆ ನೋಡಿಕೊಳ್ಳುವುದರಲ್ಲಿ ನನ್ನ ಪಾಲೂ ಇದೆ: ಚುಚ್ಚಿದ ಜಾಗವನ್ನು ಉಜ್ಜುವುದಿಲ್ಲ, ನಾಲ್ಕು ಗಂಟೆ ಮಲಗುವುದಿಲ್ಲ, ಮರುದಿನದವರೆಗೆ ಬೆವರುವಂಥ ವ್ಯಾಯಾಮ ಮಾಡುವುದಿಲ್ಲ. ಸಣ್ಣ ತಲೆನೋವು ಬಂದರೆ ಸಹಿಸಿಕೊಳ್ಳುತ್ತೇನೆ. ನುಂಗುವುದು, ಮಾತಾಡುವುದು, ಉಸಿರಾಡುವುದು ಕಷ್ಟವಾದರೆ ಮಾತ್ರ, ಅದು ವಾರಗಳ ನಂತರವಾದರೂ ಸರಿ, ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಈ ಸಾಲನ್ನು ಬರೆದು ಮನೆಯವರ ಕೈಗೂ ಕೊಟ್ಟಿದ್ದೇನೆ.

ಸಂಜೆಯ ಬೆಳಕಿನಲ್ಲಿ ಮುಖದ ಫೋಟೋ ತೆಗೆಸಿಕೊಂಡೆ: ಸುಮ್ಮನಿದ್ದಾಗ ಒಂದು, ಹುಬ್ಬುಗಂಟಿಕ್ಕಿ ಒಂದು, ಹುಬ್ಬೇರಿಸಿ ಇನ್ನೊಂದು. ಎಡಹುಬ್ಬು ಬಲಕ್ಕಿಂತ ಕೊಂಚ ಮೇಲಿರುವುದು ಫೋಟೋದಲ್ಲಿ ಸ್ಪಷ್ಟವಾಗಿದೆ. ಮುಂದೆ ಅದನ್ನು ಚುಚ್ಚುಮದ್ದಿನ ತಪ್ಪೆಂದು ಭಾವಿಸದಿರಲು ಇದು ನೆರವಾಗುತ್ತದೆ. ಪರಿಣಾಮ ಕೆಲವು ದಿನಗಳಲ್ಲಿ ಶುರುವಾದರೂ ಪೂರ್ತಿಯಾಗಿ ಕಾಣಲು ಎರಡು ವಾರ ಬೇಕಾದ್ದರಿಂದ, ಅಲ್ಲಿಯವರೆಗೆ ಇನ್ನೂ ಸ್ವಲ್ಪ ಹಾಕಿ ಎಂದು ಕೇಳುವುದಿಲ್ಲವೆಂದು ನಿಶ್ಚಯಿಸಿದ್ದೇನೆ. ಮರುಭೇಟಿಯನ್ನು ಮಾರ್ಚ್ 29ಕ್ಕೆ ಗೊತ್ತುಮಾಡಿಕೊಂಡಿದ್ದೇನೆ, ಕಡಿಮೆ ಅನಿಸಿದರೆ ಆಗ ಸೇರಿಸಬಹುದು.