ಬಡ್ತಿಗೆ ಒಪ್ಪುವ ಮುನ್ನ ಹೆಂಡತಿಯೊಂದಿಗೆ ಕೂತು ಲೆಕ್ಕ ಹಾಕಿ

ದುಡಿದು ಮೇಲೆ ಬರಬೇಕೆನ್ನುವ ಆಸೆ ಪಾಪವಲ್ಲ. ಸ್ವಂತ ಮನೆಯವರನ್ನು ಸಂರಕ್ಷಿಸದವನ ಬಗ್ಗೆ ಬೈಬಲಿನ 1 ತಿಮೊಥೆಯ 5:8 ಕಟುವಾಗಿಯೇ ಮಾತಾಡುತ್ತದೆ. ಆದರೆ ಆ ಆಸೆಗೆ ಬೆಲೆ ತೆರುವವರು ಯಾರು ಎಂದು ಎಷ್ಟೋ ಗಂಡಂದಿರು ಕೇಳಿಕೊಳ್ಳುವುದೇ ಇಲ್ಲ. ಎಫೆಸ 5:25ರ ಪ್ರಕಾರ, ಕ್ರಿಸ್ತನು ಸಭೆಗಾಗಿ, ಅಂದರೆ ತನ್ನನ್ನು ನಂಬಿದವರಿಗಾಗಿ, ತನ್ನನ್ನೇ ಒಪ್ಪಿಸಿಕೊಟ್ಟಂತೆ ಗಂಡ ಹೆಂಡತಿಯನ್ನು ಪ್ರೀತಿಸಬೇಕು. ನಮ್ಮ ಮನೆಗಳಲ್ಲಿ ಅದು ತಿರುಗುಮುರುಗಾಗಿರುತ್ತದೆ: ಗಂಡ ಕನಸು ಕಾಣುತ್ತಾನೆ, ಹೆಂಡತಿ ನಿದ್ದೆಗೆಡುತ್ತಾಳೆ.

ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಯೇಸು ಕೇಳಿದ್ದು ಲೂಕ 14:28ರಲ್ಲಿದೆ. ಶಿಷ್ಯನಾಗುವುದರ ಬಗ್ಗೆ ಹೇಳಿದ ಮಾತಾದರೂ ಆ ಅಭ್ಯಾಸ ಇಲ್ಲಿಯೂ ಬೇಕು. ಬಡ್ತಿ, ಹೊಸ ವ್ಯಾಪಾರ, ಸಂಜೆಯ ಕೋರ್ಸು, ಯಾವುದೇ ಇರಲಿ, ಒಪ್ಪಿಗೆ ಕೊಡುವ ಮುಂಚೆ ಇಬ್ಬರೂ ಒಂದು ಹಾಳೆ ಹಿಡಿದು ಕೂತುಕೊಳ್ಳಿ. ವಾರಕ್ಕೆ ಎಷ್ಟು ಗಂಟೆ ಹೆಚ್ಚು ಹೋಗುತ್ತದೆ, ಆ ಗಂಟೆಗಳಲ್ಲಿ ಈವರೆಗೆ ನೀವು ಮಾಡುತ್ತಿದ್ದ ಕೆಲಸ ಯಾರ ತಲೆಗೆ ಬೀಳುತ್ತದೆ, ಅವಳು ಏನನ್ನು ಬಿಡಬೇಕಾಗುತ್ತದೆ, ಇದು ಯಾವ ತಿಂಗಳಿಗೆ ಮುಗಿಯುತ್ತದೆ ಎಂದು ಬರೆಯಿರಿ. ಕೊನೆಯದನ್ನು ಬಹಳ ಮಂದಿ ಖಾಲಿ ಬಿಡುತ್ತಾರೆ. ‘ಸ್ವಲ್ಪ ದಿನ ಅಷ್ಟೇ’ ಅಂದದ್ದು ವರ್ಷಗಟ್ಟಲೆ ಎಳೆಯುವುದು ಅದರಿಂದಲೇ. ತಾರೀಖು ಬರೆಯಲು ಆಗದಿದ್ದರೆ, ಮೂರು ತಿಂಗಳಿಗೊಮ್ಮೆ ಮತ್ತೆ ಅದೇ ಹಾಳೆ ತೆಗೆಯುವ ದಿನವನ್ನಾದರೂ ಬರೆಯಿರಿ.

ಈ ಮಾತುಕತೆ ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಗಂಡ ಮೊದಲೇ ನಿರ್ಧರಿಸಿ, ಅದಕ್ಕೊಂದು ಮುದ್ರೆ ಹಾಕಿಸಿಕೊಳ್ಳಲು ಬಂದಿರುತ್ತಾನೆ. ಅವಳು ‘ನಿಮ್ಮಿಷ್ಟ’ ಅಂದರೆ ಅದನ್ನು ಒಪ್ಪಿಗೆ ಎಂದು ಎಣಿಸಬೇಡಿ. ಬೇಡ ಅಂದರೆ ಬಿಡುತ್ತೀರಾ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಬಿಡುವುದಿಲ್ಲವಾದರೆ ನೀವು ಕೇಳುತ್ತಿಲ್ಲ, ತಿಳಿಸುತ್ತಿದ್ದೀರಿ. ಅವಳ ಆಸೆಗಳಿಗೂ ಅದೇ ಹಾಳೆಯಲ್ಲಿ ಜಾಗವಿರಲಿ. ಅವಳ ಓದು, ಅವಳ ಕೆಲಸ ಎಷ್ಟು ಬಾರಿ ಮುಂದಕ್ಕೆ ಹೋಗಿದೆ ಎಂದು ನೋಡಿ.

ದೇವರ ಸೇವೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು, ಏಕೆಂದರೆ ದೇವರ ಹೆಸರು ಬಂದರೆ ಹೆಂಡತಿ ಬಾಯಿ ತೆರೆಯಲಾರಳು. ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ 1793ರಲ್ಲಿ ಭಾರತಕ್ಕೆ ಹೊರಟಾಗ ಹೆಂಡತಿ ಡೊರೊತಿ ಮೊದಲು ಒಪ್ಪಿರಲಿಲ್ಲ. ಕೊನೆಗಳಿಗೆಯಲ್ಲಿ ಒತ್ತಾಯಕ್ಕೆ ಮಣಿದು ಹೊರಟರು. ಮರುವರ್ಷ ಮಗ ಪೀಟರ್ ತೀರಿಕೊಂಡ. ಆಕೆಯ ಮನಸ್ಸು ಅಸ್ವಸ್ಥವಾಗಿ, 1807ರಲ್ಲಿ ಸಾಯುವವರೆಗೂ ಚೇತರಿಸಲಿಲ್ಲ. ಕೇರಿಯವರ ಬೈಬಲ್ ಅನುವಾದಗಳನ್ನು ಕೊಂಡಾಡುವಾಗ ಡೊರೊತಿಯವರನ್ನೂ ನೆನೆಯಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಹೊಸದಾಗಿ ಮದುವೆಯಾದವನನ್ನು ಒಂದು ವರ್ಷ ಯುದ್ಧಕ್ಕೂ ಕಳಿಸಬಾರದು, ಅವನು ಮನೆಯಲ್ಲಿದ್ದು ಹೆಂಡತಿಯನ್ನು ಸಂತೋಷಪಡಿಸಲಿ ಎಂದು ಧರ್ಮೋಪದೇಶಕಾಂಡ 24:5 ವಿಧಿಸಿತ್ತಲ್ಲ!

ದಿನದ ಮಟ್ಟದಲ್ಲಿ ಸಮಯಕ್ಕಿಂತ ಗಮನ ಮುಖ್ಯ. ಮನೆ ಸೇರಿದ ಮೊದಲ ಇಪ್ಪತ್ತು ನಿಮಿಷ ಫೋನನ್ನು ಇನ್ನೊಂದು ಕೋಣೆಯಲ್ಲಿಡಿ. ಮಗುಚಿ ಪಕ್ಕದಲ್ಲಿಟ್ಟುಕೊಂಡರೆ ಕೈ ಅತ್ತಲೇ ಹೋಗುತ್ತದೆ. ವಾರಕ್ಕೊಂದು ಗಂಟೆ ಇಬ್ಬರಿಗೇ ಮೀಸಲಿಡಿ. ಅದರಲ್ಲಿ ಬಿಲ್ಲು, ಮಕ್ಕಳ ಫೀಸಿನ ಮಾತು ನುಸುಳಿದರೆ ಆ ಗಂಟೆ ಆಫೀಸಿನ ಮೀಟಿಂಗ್ ಆಗಿಬಿಡುತ್ತದೆ, ಹಾಗಾಗಿ ಅವುಗಳಿಗೆ ಬೇರೆ ಹೊತ್ತು ಗೊತ್ತುಮಾಡಿ. ‘ಈ ವಾರ ನಿನಗೆ ಯಾವುದು ಭಾರವಾಯಿತು?’ ಎಂದು ಕೇಳಿ. ಅವಳು ಹೇಳುವಾಗ ಪರಿಹಾರ ಸೂಚಿಸಬೇಡಿ, ‘ಇದೆಲ್ಲ ನಿನಗಾಗಿಯೇ ಅಲ್ಲವಾ’ ಅನ್ನಲೂಬೇಡಿ. ಆ ಮಾತು ಬಂದ ಕೂಡಲೇ ಅವಳ ದೂರು ಕೃತಘ್ನತೆಯಂತೆ ಕಾಣತೊಡಗುತ್ತದೆ, ಅವಳು ಸುಮ್ಮನಾಗುತ್ತಾಳೆ. ಕೇಳಿಸಿಕೊಂಡದ್ದರಲ್ಲಿ ಒಂದನ್ನು ಮುಂದಿನ ವಾರದೊಳಗೆ ನೀವೇ ಕೈಗೆತ್ತಿಕೊಳ್ಳಿ, ಅವಳು ನೆನಪಿಸುವ ಮೊದಲೇ.